ಇಬ್ಬರ ಕೈಯಲ್ಲೂ ಶಾಲು

ಹೋಗುತ್ತಿರುವವಳು ಅವಳೇ ಎಂದು ನಾನು ನಂಬಿದ್ದೆ. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವಳು, ರಾಮನಗರದ ರೇಷ್ಮೆ ನೂಲು ತೆಗೆಯುವ ಮನೆತನದ ಹುಡುಗಿ. ಬೆಂಗಳೂರಿಗೆ ಪ್ರಮೋಷನ್ ಬರಬಹುದೆಂದು ತಿಂಗಳುಗಳಿಂದ ಹೇಳುತ್ತಿದ್ದಳು. ನಾನು ರಜೆಯಲ್ಲಿದ್ದಾಗ ಫೋನ್ ಮಾಡಿ, ಭಾನುವಾರ ಮಧ್ಯಾಹ್ನ ನಮ್ಮನೆಯಲ್ಲೇ ಬೀಳ್ಕೊಡುಗೆ ಊಟ, ತಪ್ಪಿಸಬೇಡಿ ಎಂದಳು. ಇನ್ನೇನು ಕೇಳುವುದಿತ್ತು? ಒಳ್ಳೆಯದೊಂದು ಶಾಲು ತೆಗೆದುಕೊಂಡು ಹೊರಟೆ. ಮನಸ್ಸು ಮಾತ್ರ ಸಪ್ಪಗಿತ್ತು. ಅವಳಿಲ್ಲದ ಕಚೇರಿಯಲ್ಲಿ ಊಟದ ಡಬ್ಬಿಯನ್ನು ಯಾರ ಜೊತೆ ಬಿಚ್ಚಲಿ?

ಅವಳ ಮನೆ ಕೆರೆ ದಂಡೆಯ ಅಪಾರ್ಟ್‌ಮೆಂಟಿನ ಐದನೇ ಮಹಡಿಯಲ್ಲಿ. ಬಾಲ್ಕನಿಯಿಂದ ನೀರು, ನೀರಿನಾಚೆ ಬಂಡೆಯ ಬೆಟ್ಟ. ಅದನ್ನು ನೋಡುವುದು ಬಿಟ್ಟು ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಯಾರಿಗೂ ಏಳದ ನಮ್ಮ ಸಾಹೇಬರು ಎದ್ದು ಕುರ್ಚಿ ಕೊಟ್ಟರು. ಟೈಪಿಸ್ಟ್ ನನ್ನ ಕೈ ಹಿಡಿದು ಕಣ್ಣೊರೆಸಿಕೊಂಡಳು. ಹೋಗುವವಳು ಅಡುಗೆಮನೆಯಲ್ಲಿ ಬಿರಿಯಾನಿ ನೋಡಿಕೊಳ್ಳುತ್ತಿದ್ದಾಳೆ, ಇವಳೇಕೆ ನನ್ನ ಮುಂದೆ ಅಳುತ್ತಾಳೆ? ತಲೆಬುಡ ತಿಳಿಯಲಿಲ್ಲ.

ಊಟವಾದ ಮೇಲೆ ಹೂ ಕಟ್ಟಿದ ಕುರ್ಚಿ ತಂದಿಟ್ಟರು. ನಾನು ಶಾಲು ಬಿಚ್ಚಿ ಹಿಡಿದು ಅವಳನ್ನು ಕರೆದೆ. ನೋಡಿದರೆ ಅವಳ ಕೈಯಲ್ಲೂ ಒಂದು ಶಾಲು. ಇಬ್ಬರೂ ಎದುರುಬದುರು ಮಿಕಮಿಕ ನೋಡುತ್ತ ನಿಂತೆವು.

'ಅಕ್ಕಾ, ನೀವು ಕೂತ್ಕೊಳ್ಳಿ. ಕುದೂರಿಗೆ ಹೋಯ್ತಾ ಇರೋದು ನೀವಲ್ವಾ?'

ಆಗ ನೆನಪಾಯಿತು. ಹಿಂದಿನ ವರ್ಷ ನಾನು ಬರೆದ ಟಿಪ್ಪಣಿಯನ್ನು ಇವಳು ಸಾಹೇಬರ ಎದುರೇ ತಿದ್ದಿದ್ದಳು. ನನಗೋ ಕೋಪ ಮೂಗಿನ ತುದಿಯಲ್ಲೇ. ಅವತ್ತೇ ಕಚೇರಿಯ ವಾಟ್ಸಾಪ್ ಗ್ರೂಪು ಬಿಟ್ಟೆ. ತವರೂರು ಕುದೂರಿಗೆ ವರ್ಗ ಕೊಡಿ ಎಂದು ಅರ್ಜಿಯನ್ನೂ ಗೀಚಿ ಕೊಟ್ಟೆ. ಹದಿನೈದು ದಿನಕ್ಕೆ ರಾಜಿಯಾದೆವು, ಆದರೆ ಅರ್ಜಿ ವಾಪಸು ಪಡೆಯುವುದು ಮರೆತೇ ಹೋಯಿತು. ಗ್ರೂಪಿಗೆ ಮತ್ತೆ ಸೇರಿಸಿ ಎಂದು ಕೇಳಲು ಬಿಂಕ ಬಿಡಲಿಲ್ಲ. ನಾನು ರಜೆಯಲ್ಲಿದ್ದಾಗ ಆದೇಶ ಬಂದಿದೆ, ಗ್ರೂಪಿಗೂ ಹಾಕಿದ್ದಾರೆ. ಕೇಳಿ ಪಡೆದವಳಿಗೆ ಬೇರೆ ಹೇಳುವುದೇನೆಂದು ಎಲ್ಲರೂ ಸುಮ್ಮನಿದ್ದಾರೆ.

'ನಂಗೆ ಬ್ಯಾಡ ಕಣೆ,' ಎಂದೆ. ಸಾಹೇಬರು, ಆದೇಶ ಆಗಿಹೋಗಿದೆಯಮ್ಮ, ಮೊದಲು ಹೋಗಿ ಸೇರಿಕೊಳ್ಳಿ, ಆಮೇಲೆ ಬರೆದು ನೋಡಿ ಎಂದರು.

ಅವಳ ಮುಖವೂ ಬಿಳುಚಿಕೊಂಡಿತ್ತು. 'ಆದೇಶ ನೋಡಿ, ನನ್ ಮೇಲೆ ಸಿಟ್ಟು ಇನ್ನೂ ಐತೆ ಅಂದ್ಕೊಂಡೆ ಅಕ್ಕಾ. ಅದ್ಕೇ ಫೋನಲ್ಲಿ ಏನೂ ಕೇಳ್ಲಿಲ್ಲ.'

ಅವಳು ತನ್ನ ಶಾಲನ್ನು ನನಗೆ ಹೊದಿಸಿದಳು. ನನ್ನದನ್ನು ಏನು ಮಾಡುವುದೆಂದು ತೋಚದೆ ಅವಳಿಗೇ ಹೊದಿಸಿದೆ. ಟೈಪಿಸ್ಟ್ ಫೋಟೊ ತೆಗೆದು ಗ್ರೂಪಿಗೆ ಹಾಕುತ್ತೇನೆಂದಳು. ಅದರಲ್ಲಿ ನಾನಿಲ್ಲವಲ್ಲ ಎಂದೆ. ಆಗಲೇ, ಅಲ್ಲೇ, ನನ್ನನ್ನು ಸೇರಿಸಿದರು.

ಆ ಫೋಟೊದಲ್ಲಿ ಇಬ್ಬರೂ ಶಾಲು ಹೊದ್ದು ಅಳುತ್ತಿದ್ದೇವೆ. ಹೋಗುವವಳು ಯಾರೆಂದು ನೋಡಿದವರಿಗೆ ಗೊತ್ತಾಗುವುದಿಲ್ಲ. ಕುದೂರಿನ ಕಚೇರಿಯಲ್ಲಿ ಒಬ್ಬಳೇ ಡಬ್ಬಿ ಬಿಚ್ಚುವಾಗ ಅದನ್ನು ತೆಗೆದು ನೋಡುತ್ತೇನೆ.