ಕುರುಗೋಡಿಗೆ ಹೊರಟ ಕಾರು

ಬಳ್ಳಾರಿಯ ಪಾರ್ವತಿನಗರದಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ದಿನಾ ಪೂಜೆ ಮುಗಿಸಿದ ಕೂಡಲೇ ತಮ್ಮ ಉದ್ದ ಮೂತಿಯ ಅಮೆರಿಕದ ಹಳೇ ಕಾರು ಒರೆಸುತ್ತಿದ್ದರು. ಬಣ್ಣ, ಸೀಟು ಎಲ್ಲ ಹೊಸದಾಗಿದ್ದವು. ಇಂಜಿನ್ ಮಾತ್ರ ಚಾಲೂ ಆಗುತ್ತಿರಲಿಲ್ಲ. ಕೇಳಿದರೆ, "ಇನ್ನೇನು, ಒಂದು ಸಾಮಾನು ಬರಬೇಕ್ರಿ" ಅನ್ನುತ್ತಿದ್ದರು. ಆ ಸಾಮಾನು ಎಲ್ಲೂ ಸಿಗಲಿಲ್ಲ.

ಒಂದು ದಿನ ಬ್ರೂಸ್‌ಪೇಟೆಯ ಗ್ಯಾರೇಜ್ ಮೇಸ್ತ್ರಿ ಬಂದು, ಹಳೇ ಇಂಜಿನ್ ತೆಗೆದು ಜೀಪಿನ ಡೀಸೆಲ್ ಇಂಜಿನ್ ಕೂಡಿಸಿಕೊಡುತ್ತೇನೆ ಅಂದ. ಯಜಮಾನರ ಮುಖ ಬಾಡಿತು. "ಅದರ ಜೀವಾನ ತೆಗಿ ಅಂತೀಯಲ್ಲಪ್ಪ!"

ಅವರ ಹೆಂಡತಿಗೆ ಮೊಣಕಾಲು ನೋವು. ಬಸ್ಸು ಹತ್ತಲಾಗದೆ ಕುರುಗೋಡು ಬಸವಣ್ಣನ ದರ್ಶನ ನಿಂತೇ ಹೋಗಿತ್ತು. ಕಟ್ಟೆಯ ಮೇಲೆ ನನ್ನ ಜೊತೆ ಹೂ ಕಟ್ಟುತ್ತಿದ್ದ ಅವರು ತಲೆ ಎತ್ತದೆ ಅಂದರು: "ಅದರ ಜೀವ ಎಂದೋ ಹೋಗೇತಿ. ನಾನಿನ್ನೂ ಅದೀನಿ, ನೋಡ್ರಿ."

ಯಜಮಾನರು ಒರೆಸುವ ಬಟ್ಟೆ ಮಡಚಿಟ್ಟರು. ಆಮೇಲೆ ಮೇಸ್ತ್ರಿಗೆ, "ಕೂಡಿಸಪ್ಪ" ಅಂದರು.

ಇಂಜಿನ್ ಕೂತ ಮೇಲಿನ ಮೊದಲ ಸೋಮವಾರ ಗಂಡ ಹೆಂಡತಿ ನನ್ನನ್ನೂ ಕರೆದುಕೊಂಡು ಕುರುಗೋಡಿಗೆ ಹೊರಟರು. ಕಾರು ಟ್ರ್ಯಾಕ್ಟರಿನಂತೆ ಗುಡುಗುಡು ಅಂದಾಗೆಲ್ಲ ಯಜಮಾನರು ಹಲ್ಲು ಕಚ್ಚುತ್ತಿದ್ದರು. ಆದರೆ ಎಲ್ಲೂ ಕೆಟ್ಟು ನಿಲ್ಲಲಿಲ್ಲ, ದೇವರ ದಯೆ. ಮಂಗಳಾರತಿ ತಗೊಂಡು ಬಂದು ಸ್ಟೇರಿಂಗ್ ಹಿಡಿದವರು, ಬಳ್ಳಾರಿ ಕಡೆ ತಿರುಗಿಸದೆ ಹೆಂಡತಿಯನ್ನು ಕೇಳಿದರು:

"ಇನ್ನೂ ಹೊತ್ತೈತಿ. ಸಿರುಗುಪ್ಪದಾಗಿನ ನಿಮ್ಮಕ್ಕನ ಮನಿಗೂ ಹೋಗಿ ಬರೂಣೇನು?"