ಎರಡನೇ ಸಲದ ನಮಸ್ಕಾರ

ಎರಡು ಸಾವಿರದ ದಶಕದ ಆರಂಭದಲ್ಲಿ ನಾನು ಮಾಲೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನಲ್ಲಿ ಸಂಗೀತ ಮಾಡುತ್ತಿದ್ದೆ. ತಮಟೆಯ ಪೆಟ್ಟುಗಳನ್ನು ತುಂಡರಿಸಿ, ಅವುಗಳ ಕೆಳಗೆ ಎದೆ ನಡುಗಿಸುವ ಬೇಸ್ ಕೂರಿಸುವುದು ನನ್ನ ಕಸುಬು. ಕೋಣೆಯಲ್ಲಿ ನಾನು ಮಹಾ ಕಲಾವಿದ. ಕೇಳುವವರು ಯಾರೂ ಇರಲಿಲ್ಲವಲ್ಲ.

ನನ್ನ ಸಿ.ಡಿ.ಗಳನ್ನು ಮದುವೆಗಳಲ್ಲಿ ಹಾಕುತ್ತಿದ್ದವರು ಮುಳಬಾಗಿಲಿನ ಮೈಕ್‌ಸೆಟ್ ಅಂಗಡಿಯ ಭಾಯ್. ಜೀವನದಲ್ಲಿ ಒಂದು ಟ್ಯೂನೂ ಮಾಡದ ಅವರನ್ನು ಜನ ಡಿಜೆ ಅನ್ನುತ್ತಿದ್ದರು. ನನಗೆ ಹೊಟ್ಟೆಯುರಿ. ಕೊನೆಗೆ, ಒಂದು ಸಲ ನಾನೇ ನುಡಿಸುತ್ತೇನೆ ಎಂದು ಕೇಳಿಯೇಬಿಟ್ಟೆ.

"ಬನ್ನಿ ಸಾರ್, ಅದಕ್ಕೇನಂತೆ. ನಾಡಿದ್ದು ರಿಸೆಪ್ಷನ್ ಐತೆ. ಚೆನ್ನಾಗಾದ್ರೆ ಇನ್ಮೇಲೆ ಸ್ಟೇಜು ನಿಮ್ದೇ."

ಒಪ್ಪಿಗೆ ಸಿಕ್ಕಿದ್ದೇ ತಡ, ಚಿಂತೆ ಶುರುವಾಯಿತು. ಕೈ ನಡುಗಿದರೆ? ಮಾತು ತೊದಲಿದರೆ? ಅದಕ್ಕೇ ಇಡೀ ಕಾರ್ಯಕ್ರಮವನ್ನು ಮನೆಯಲ್ಲೇ ಮುಗಿಸಿದೆ. ಮುಕ್ಕಾಲು ಗಂಟೆಯ ಒಂದೇ ಟ್ರ್ಯಾಕು. ಶುರುವಿನಲ್ಲಿ "ನಮಸ್ಕಾರ ಮುಳಬಾಗಿಲು, ಚೆನ್ನಾಗಿದ್ದೀರಾ?" ಎಂಬ ನನ್ನದೇ ದನಿ. ಚಪ್ಪಾಳೆಗೂ ಜಾಗ ಬಿಟ್ಟಿದ್ದೆ. ನಾನು ಬಾಯಿ ಆಡಿಸುತ್ತಾ ಗುಂಡಿಗಳನ್ನು ತಿರುಗಿಸುವಂತೆ ನಟಿಸಿದರೆ ಸಾಕು.

ರಿಸೆಪ್ಷನ್ನಿನಲ್ಲಿ ಅರ್ಧದವರೆಗೂ ಸರಿಯಾಗಿಯೇ ನಡೆಯಿತು. ಅಷ್ಟರಲ್ಲಿ ಛತ್ರದ ಪಕ್ಕದ ಮಸೀದಿಯಿಂದ ಸಂಜೆಯ ಆಜಾನ್. ಆಗ ಸೌಂಡು ನಿಲ್ಲಿಸುವುದು ಊರ ರೂಢಿ. ಯಾರೂ ಹೇಳಬೇಕಿಲ್ಲ. ಕರೆಂಟು ಹೋಗುವುದು, ಸ್ಪೀಕರ್ ಸುಡುವುದು, ಎಲ್ಲವನ್ನೂ ಚಿಂತಿಸಿದ್ದವನು ಇದೊಂದನ್ನು ಮರೆತಿದ್ದೆ. ಗಾಬರಿಯಲ್ಲಿ, ತಾತ್ಕಾಲಿಕವಾಗಿ ತಡೆಯುವ ಗುಂಡಿಯ ಬದಲು ಸ್ಟಾಪ್ ಒತ್ತಿದೆ. ಆಜಾನ್ ಮುಗಿದ ಮೇಲೆ ಪ್ಲೇ ಒತ್ತಿದರೆ ಸಿ.ಡಿ. ಮೊದಲಿನಿಂದ ಶುರುವಾಯಿತು.

"ನಮಸ್ಕಾರ ಮುಳಬಾಗಿಲು, ಚೆನ್ನಾಗಿದ್ದೀರಾ?"

ನನ್ನ ಬಾಯಿ ಮುಚ್ಚಿತ್ತು.

"ಆಗ್ಲೇ ಹೇಳಿದ್ವಲ್ಲ ಸಾರ್, ಚೆನ್ನಾಗಿದೀವಿ!" ಎಂದು ಮದುಮಗನ ಗೆಳೆಯರಲ್ಲೊಬ್ಬ ಕೂಗಿದ.

"ಲೇ, ಇವ್ನು ಬರೀ ಬೊಂಬೆ ಕಣೋ!" ಎಂದ ಇನ್ನೊಬ್ಬ.

ಛತ್ರವೇ ನಕ್ಕಿತು. ಭಾಯ್ ಸದ್ದಿಲ್ಲದೆ ಬಂದು ನನ್ನನ್ನು ಪಕ್ಕಕ್ಕೆ ಸರಿಸಿ, ತಮ್ಮ ಡಬ್ಬಿಯಿಂದ ನನ್ನದೇ ಹಳೆಯ ಸಿ.ಡಿ. ತೆಗೆದು ಹಾಕಿದರು. ನಾನು ಒಂದು ವಾರ ಕೂತು ಮಾಡಿದ್ದ ಆಲಾಪವನ್ನು ಹಾರಿಸಿ ನೇರ ತಮಟೆಗೆ ಹೋದರು. ಅವರ ಕಣ್ಣು ಮಿಷನ್ನಿನ ಮೇಲಿರಲಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬರ ಕಾಲಿನ ಮೇಲಿತ್ತು. ಸೀರೆಯಂಚಿನ ಕೆಳಗೆ ಹೆಬ್ಬೆರಳು ಆಡುವವರೆಗೂ ಅದೇ ತುಣುಕನ್ನು ಮತ್ತೆ ಮತ್ತೆ ಹಿಂದಕ್ಕೆ ಎಳೆದು ನುಡಿಸಿದರು. ಆಮೇಲೆ ಸೌಂಡು ಏರಿಸಿದರು. ಅಜ್ಜಿ ಎದ್ದರು. ಅವರ ಹಿಂದೆ ಛತ್ರವೇ ಎದ್ದಿತು. ಅದು ನಾನು ಮಾಡಿದ ಟ್ಯೂನೇ. ಅದರಲ್ಲಿ ಅಷ್ಟು ಜೀವವಿದೆಯೆಂದು ನನಗೇ ಗೊತ್ತಿರಲಿಲ್ಲ.

ಮುಗಿದ ಮೇಲೆ ಭಾಯ್ ವೈರು ಸುತ್ತುತ್ತಾ, "ಸಾರ್, ನೀವು ಮಾಡಿ, ನಾನು ಹಾಕ್ತೀನಿ..." ಎಂದು ಮೆಲ್ಲಗೆ ಶುರು ಮಾಡಿದರು. ಅವರ ಮಾತು ಮುಗಿಯುವ ಮೊದಲೇ "ಆಯ್ತು ಭಾಯ್" ಅಂದುಬಿಟ್ಟೆ. ಇನ್ನೊಂದು ಅವಕಾಶ ಕೇಳಬಹುದಿತ್ತು, ಖಂಡಿತ ಕೊಡುತ್ತಿದ್ದರು. ಕೇಳಲಿಲ್ಲ. ಕೇಳಬೇಕಾಗಿಲ್ಲವಲ್ಲ ಎಂದು ನೆಮ್ಮದಿಯಾಗಿತ್ತು. ಆ ನೆಮ್ಮದಿಯೇ ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಆಮೇಲೂ ಎಷ್ಟೋ ಟ್ಯೂನು ಮಾಡಿದೆ. ಯಾವುದಕ್ಕೆ ಯಾರ ಕಾಲು ಆಡಿತೋ, ನಾನು ನೋಡಲಿಲ್ಲ.