ಬಚ್ಚಲ ಬೋರ್ಡಿಗೆ ಎಲ್ಲಿಂದ ಬಂತು ಕರೆಂಟು

ಮೊನ್ನೆ ಬಂಗಾರಪೇಟೆಯ ನನ್ನ ಬಾಡಿಗೆ ಮನೆಯ ಬಚ್ಚಲಲ್ಲಿ ಸ್ವಿಚ್ ಒತ್ತಿದೆ. ದೀಪ ಹತ್ತಿತು, ಜೊತೆಗೆ ಒಂದು ವಾಸನೆಯೂ ಬಂತು. ಸುಟ್ಟ ಪ್ಲಾಸ್ಟಿಕ್ಕಿಗೆ ಮೀನಂಗಡಿಯ ಗಾಳಿ ಬೆರೆತಂಥ ವಾಸನೆ. ಬೋರ್ಡಿನ ಹಿಂದೆ ವೈರು ಬೇಯುವಾಗ ಬರುವ ಈ ವಾಸನೆಯನ್ನು ನೀವು ಒಮ್ಮೆ ಮೂಸಿದ್ದರೆ ಮತ್ತೆ ಮರೆಯಲಾರಿರಿ. ಮನೆಯ ಮಾಲೀಕರಿಗೆ ಹೇಳಿದೆ. ಅವರು ಮಹಡಿಯಿಂದಲೇ, "ಒಂದು ಊದುಬತ್ತಿ ಅಚ್ಚು, ವಾಸ್ನೆ ಓಗ್ತದೆ" ಅಂದರು. ನಾನು ಊದುಬತ್ತಿ ಹಚ್ಚದೆ ಟೆಸ್ಟರ್ ಹುಡುಕಿದೆ. ಅದು ಊರಿನಲ್ಲಿತ್ತು. ಹಾಗಾಗಿ ಭಾನುವಾರ ಕ್ಯಾಸಂಬಳ್ಳಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ದಾರಿಯುದ್ದಕ್ಕೂ ನಾಲ್ಕು ವರ್ಷದ ಹಿಂದಿನ ಒಂದು ಬೇಸಿಗೆಯೇ ನೆನಪಿಗೆ ಬರುತ್ತಿತ್ತು.

ಆಗ ನನಗೆ ಹತ್ತೊಂಬತ್ತು. ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ. ಎಲ್ಲವನ್ನೂ ದಿನಾಂಕ ಹಾಕಿ ಡೈರಿಯಲ್ಲಿ ಬರೆಯುವ ಚಾಳಿ ನನ್ನದು. ಯಾವ ಹಸು ಯಾರಿಗೆ ಎಷ್ಟು ಸಲ ಒದ್ದಿತು, ಬೆಳಗಿನ ಬಸ್ಸು ಎಷ್ಟು ನಿಮಿಷ ತಡವಾಯಿತು, ಎಲ್ಲಕ್ಕೂ ಒಂದೊಂದು ಕಾಲಂ. ಇದರಿಂದ ಯಾರಿಗೆ ಏನು ಉಪಯೋಗ ಎಂದು ನೀವು ಕೇಳಬಹುದು. ಅಪ್ಪನೂ ಕೇಳುತ್ತಿದ್ದ. ಆ ಬೇಸಿಗೆಯಲ್ಲಿ ಹೊಸದೊಂದು ಕಾಲಂ ಸೇರಿತು: ಬಚ್ಚಲಲ್ಲಿ ಶಾಕ್. ಅಮ್ಮ ಏಳು, ನಾನು ಎರಡು, ಅಪ್ಪ ಒಂದು. ಅಪ್ಪನದು ಅವನು ಒಪ್ಪಿಕೊಂಡ ಲೆಕ್ಕ ಮಾತ್ರ.

ಬೋರ್ಡು ಬಚ್ಚಲ ಒಳಗೇ, ನಲ್ಲಿಯಿಂದ ಒಂದು ಮೊಳ ದೂರದಲ್ಲಿತ್ತು. ಅದರಲ್ಲಿ ದೀಪದ ಒಂದು ಸ್ವಿಚ್ಚು, ನೀರು ಕಾಯಿಸುವ ಕಾಯಿಲ್ ಸಿಕ್ಕಿಸಲು ಒಂದು ಪ್ಲಗ್ಗು. ಅಮ್ಮ ಹಾಲು ಕರೆದು ಒದ್ದೆ ಕೈಯಲ್ಲೇ ಬರುತ್ತಿದ್ದಳು. ನಾಲ್ಕನೆಯ ಶಾಕಿನ ನಂತರ ಅವಳು ಸ್ವಿಚ್ಚನ್ನು ಮುದ್ದೆ ತಿರುವುವ ಮರದ ಕೋಲಿನಿಂದ ಒತ್ತತೊಡಗಿದಳು. ಕಾಯಿಲ್ ತೆಗೆಯುವಾಗ ಮಾತ್ರ ಕೈಯೇ ಬೇಕಾಗುತ್ತಿತ್ತು. ಏಳನೆಯ ಸಲ ಚೊಂಬು ಒಂದು ಕಡೆ ಬಿತ್ತು, ಅಮ್ಮ ಒಂದು ಕಡೆ. "ಜುಮ್ ಅಂತು, ಅಷ್ಟೇ" ಎಂದು ಎದ್ದಳು. ಆದರೆ ಆ ಸಂಜೆ ಅವಳ ಬಲಗೈಗೆ ಹಾಲು ಕರೆಯಲು ಆಗಲಿಲ್ಲ. ಎಂಟನೆಯದನ್ನು ಬರೆಯುವ ದಿನ ಬರಬಾರದು ಎಂದು ನನಗೆ ಹೆದರಿಕೆ ಹತ್ತಿತು.

ಊರಿನ ಎಲೆಕ್ಟ್ರೀಷಿಯನ್ "ನಾಳೆ ಬತ್ತೀನಿ" ಅಂದ. ಅವನ ನಾಳೆಗಳನ್ನೂ ಎಣಿಸಿದೆ. ಹನ್ನೊಂದಾದ ಮೇಲೆ ಎಣಿಕೆ ನಿಲ್ಲಿಸಿ ನಾನೇ ಮಾಡುವುದೆಂದು ತೀರ್ಮಾನಿಸಿದೆ. ಫೋನಿನಲ್ಲಿ ವಿಡಿಯೋ ನೋಡಿ, ಕೆಂಪು ಕಪ್ಪು ಪೆನ್ಸಿಲಿನಲ್ಲಿ ಚಿತ್ರ ಬರೆದು, ಹದಿನಾಲ್ಕು ಹಂತಗಳ ಪಟ್ಟಿ ಮಾಡಿದೆ. ಹಳೆಯ ಬೋರ್ಡು ಕಿತ್ತು, ಬಾಗಿಲ ಹೊರಗಿನ ಒಣ ಗೋಡೆಗೆ ಹೊಸದನ್ನು ಕೂರಿಸುವುದು ನನ್ನ ಯೋಜನೆ. ಟೆಸ್ಟರ್ ತರಲು ಹೇಳಿ ಊರಿಗಾಂನಿಂದ ತಾತನನ್ನು ಕರೆಸಿದೆ. ತಾತ ಅಂದರೆ ಅಮ್ಮನ ಅಪ್ಪ. ಅಲ್ಲಿಯ ಚಿನ್ನದ ಗಣಿ ಮುಚ್ಚುವವರೆಗೂ ಅದರ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದವನು, ಈಗಲೂ ಗಣಿ ಕಾರ್ಮಿಕರ ಲೈನ್ ಮನೆಯಲ್ಲೇ ಇರುವವನು.

ತಾತ ಬಂದು, ಕಾಫಿ ಕುಡಿದು, ಬಚ್ಚಲ ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತ. "ಓದು ಪಾಪಾ ನಿನ್ ಪಟ್ಟಿ."

"ಒಂದು, ಮೇನ್ ಆಫ್ ಮಾಡೋದು. ಎರಡು, ಸ್ವಿಚ್ಚಿಗೆ ಟೆಸ್ಟರ್ ಇಟ್ಟು ನೋಡೋದು."

"ಟೆಸ್ಟರ್‌ನ ಯಾರು ಟೆಸ್ಟ್ ಮಾಡೋರು?"

ನಾನು ಪಟ್ಟಿಯನ್ನು ತಿರುಗಿಸಿ ನೋಡಿದೆ.

"ಮೊದ್ಲು ಕರೆಂಟ್ ಇರೋ ಕಡೆ ಇಟ್ಟು ಉರೀತದಾ ನೋಡ್ಬೇಕು. ಕೆಟ್ಟೋಗಿರೋ ಟೆಸ್ಟರ್‌ಗೆ ಎಲ್ಲಾ ತಂತೀನೂ ಸತ್ತಂಗೇ ಕಾಣ್ತದೆ."

ಹಾಗೆಯೇ ಮಾಡಿದೆ. ಅಡುಗೆಮನೆಯ ಪ್ಲಗ್ಗಿನಲ್ಲಿ ಟೆಸ್ಟರ್ ಉರಿಯಿತು. ಮೇನ್ ಆಫ್ ಮಾಡಿ ಬಂದು ಬಚ್ಚಲ ಸ್ವಿಚ್ಚಿಗೆ ಇಟ್ಟೆ, ಉರಿಯಲಿಲ್ಲ. ಪಟ್ಟಿಯಲ್ಲಿ ಎರಡು ಟಿಕ್ ಹಾಕಿದೆ. ಅಮ್ಮ ಮುದ್ದೆ ಕೋಲು ಹಿಡಿದು ಬಾಗಿಲಲ್ಲಿ ಕಾವಲು ನಿಂತಿದ್ದಳು. ಸ್ಕ್ರೂಡ್ರೈವರ್ ತೆಗೆದು ಬೋರ್ಡಿಗೆ ಕೈ ಚಾಚಿದೆ.

"ಇರು" ಅಂದ ತಾತ. "ಪ್ಲಗ್ ನೋಡ್ದ್ಯಾ?"

"ಎರಡೂ ಒಂದೇ ಬೋರ್ಡಲ್ಲಿವೆ ತಾತ. ಮೇನ್ ಆಫ್ ಆಗಿದೆ."

"ಬೋರ್ಡು ಒಂದೇ ಕಣಮ್ಮ. ತಂತೀನೂ ಒಂದೇ ಅಂತ ಯಾರು ಯೋಳಿದ್ರು ನಿಂಗೆ?"

ಮುದುಕನ ಸಮಾಧಾನಕ್ಕೆ ಇರಲಿ ಎಂದು ಪ್ಲಗ್ಗಿನ ತೂತಿಗೆ ಟೆಸ್ಟರ್ ಇಟ್ಟೆ. ಅದರ ಪುಟ್ಟ ದೀಪ ಕಿತ್ತಳೆ ಬಣ್ಣದಲ್ಲಿ ಉರಿಯಿತು. ಮನೆಯಲ್ಲಿ ಫ್ಯಾನಿಲ್ಲ, ಫ್ರಿಜ್ಜಿಲ್ಲ, ಎಲ್ಲ ನಿಂತಿದೆ. ಅದೊಂದು ಮಾತ್ರ ಉರಿಯುತ್ತಿದೆ. ನಾನು ಸ್ಕ್ರೂಡ್ರೈವರನ್ನು ನೆಲದ ಮೇಲಿಟ್ಟೆ.

ಅಂಗಳದಲ್ಲಿದ್ದ ಅಪ್ಪ ಇದ್ದಕ್ಕಿದ್ದಂತೆ ಹುಲ್ಲಿನ ಕಂತೆಯೊಂದನ್ನು ಬಹಳ ಶ್ರದ್ಧೆಯಿಂದ ಬಿಚ್ಚತೊಡಗಿದ.

"ಅಪ್ಪಾ" ಅಂದೆ.

"ಏನಿಲ್ಲ ಕಣಮ್ಮ. ಮನೆ ಫ್ಯೂಜು ಪದೇ ಪದೇ ಓಗ್ತಿತ್ತು. ಕೆಚ್ಚಲು ತೊಳೆಯಕ್ಕೆ ಬಿಸ್ನೀರು ಬೇಕಿತ್ತು. ಕೊಟ್ಟಿಗೆ ಮೇನ್ ಬೇರೆ ಐತಲ್ಲ, ಅಲ್ಲಿಂದ ಗೋಡೆ ತೂತು ಮಾಡಿ ಒಂದು ತಂತಿ ಎಳ್ದಿದ್ದೆ."

"ಯಾವಾಗ?"

"ಗೌರಿ ಎರಡನೇ ಕರು ಆಕಿದ್ಳಲ್ಲ, ಆಗ." ಅಪ್ಪನ ಡೈರಿ ಹೀಗೆ, ಎಲ್ಲವೂ ಹಸುವಿನ ಲೆಕ್ಕ.

ಅಮ್ಮ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ಅಂದ್ರೆ ಇಷ್ಟು ದಿನ ನಂಗೆ ಒಡೀತಿದ್ದಿದ್ದು ನಿಮ್ ಅಸು ಕರೆಂಟಾ?"

"ಮಾವ, ನೀವಾದ್ರೂ ಯೋಳಿ" ಎಂದು ಅಪ್ಪ ತಾತನ ಕಡೆ ನೋಡಿದ.

"ನಾನೇನು ಯೋಳ್ಲಿ ಅಳಿಯಂದಿರೇ. ನೀವು ಗಣೀಲಿ ಕೆಲ್ಸಕ್ಕಿದ್ದಿದ್ರೆ ನಾವೆಲ್ಲಾ ಲಿಫ್ಟ್ ಇಲ್ದೇನೇ ಮ್ಯಾಲಕ್ಕೋಗಿರ್ತಿದ್ವಿ."

ಎಲ್ಲರೂ ನಕ್ಕರು. ನಾನು ಸ್ವಲ್ಪ ತಡವಾಗಿ ನಕ್ಕೆ. ನನ್ನ ಹದಿನಾಲ್ಕು ಹಂತಗಳಲ್ಲಿ ಅಪ್ಪನನ್ನು ಕೇಳುವ ಹಂತವೇ ಇರಲಿಲ್ಲ. ಮೂರನೆಯ ಹಂತದಲ್ಲಿ, ಎರಡು ಚೆಂದದ ಟಿಕ್ಕುಗಳ ಕೆಳಗೆ, ನನ್ನ ಡೈರಿಯೇ ಮುಗಿದುಹೋಗಬಹುದಿತ್ತು.

ಆಮೇಲಿನ ಕೆಲಸ ಎರಡು ದಿನ ಹಿಡಿಯಿತು. ತಾತ ಸ್ಟೂಲಿನಿಂದ ಏಳಲಿಲ್ಲ, ಒಂದು ತಂತಿಯನ್ನೂ ಮುಟ್ಟಲಿಲ್ಲ. ಕೊಟ್ಟಿಗೆಯ ಮೇನನ್ನೂ ಆಫ್ ಮಾಡಿಸಿ, ಅದರ ಬಳಿ ಅಪ್ಪನನ್ನು ನಿಲ್ಲಿಸಿ, ಯಾರೂ ಮುಟ್ಟದಂತೆ ಕಾಯಲು ಹೇಳಿದ. ಅಪ್ಪ ಶಾಲೆಯ ಹುಡುಗನಂತೆ ನಿಂತ. ಹಳೆಯ ಬೋರ್ಡು ಬಿಚ್ಚಿದಾಗ ಪ್ಲಗ್ಗಿನ ಹಿಂದೆ ಟೇಪು ಕರಗಿ, ತಾಮ್ರ ಬೆತ್ತಲಾಗಿ, ಒದ್ದೆ ಗೋಡೆಗೆ ಒರಗಿಕೊಂಡಿತ್ತು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ತಂತಿ ಇರಲೇ ಇಲ್ಲ. ನಾನು ಮೂರು ಸಲ ವೈರನ್ನು ಗಿಡ್ಡವಾಗಿ ಕತ್ತರಿಸಿದೆ, ಎರಡು ಸ್ಕ್ರೂಗಳನ್ನು ಮೋರಿಗೆ ಅರ್ಪಿಸಿದೆ. ಅರ್ತಿಂಗಿಗೆ ಹಿತ್ತಲಲ್ಲಿ ಗುಂಡಿ ತೋಡಿ ಇದ್ದಿಲು, ಉಪ್ಪು ಸುರಿಯುವಾಗ ಅಮ್ಮ ಬಗ್ಗಿ ನೋಡಿ, "ಉಪ್ಪಿನಕಾಯಿ ಆಕ್ತಿದ್ದೀರಾ?" ಅಂದಳು. ಕೊನೆಗೆ ಹೊಸ ಬೋರ್ಡು ಹೊರಗೋಡೆಯ ಮೇಲೆ, ಸ್ವಲ್ಪ ಎಡಕ್ಕೆ ವಾಲಿಕೊಂಡು, ಕೂತಿತು. ಕೊಟ್ಟಿಗೆಯ ತಂತಿ ಕಿತ್ತುಹಾಕಿದ್ದರಿಂದ ಪ್ಲಗ್ಗಿಗೂ ದೀಪಕ್ಕೂ ಈಗ ಒಂದೇ ದಾರಿ, ಮನೆಯ ಮೇನ್.

ಆದರೆ ಮರುದಿನ ಬೆಳಿಗ್ಗೆ ಅಮ್ಮ ಹೊಸ ಸ್ವಿಚ್ಚನ್ನೂ ಮುದ್ದೆ ಕೋಲಿನಿಂದಲೇ ಒತ್ತಿದಳು. ಅದರ ಮರುದಿನವೂ. ನನಗೆ ಅಳು ಬರುವಷ್ಟು ಬೇಜಾರಾಯಿತು. ಊರಿಗೆ ಹೊರಟಿದ್ದ ತಾತನಿಗೆ ಹೇಳಿದೆ. "ಬೋರ್ಡು ಬದ್ಲಾಯ್ಸಕ್ಕೆ ಎರಡು ದಿನ ಸಾಕು ಪಾಪಾ. ಅವಳ ಕೈ ಮರೀಬೇಕಲ್ಲ, ಬಿಡು" ಎಂದು ಟೆಸ್ಟರನ್ನು ನನ್ನ ಕೈಯಲ್ಲೇ ಬಿಟ್ಟು ಬಸ್ಸು ಹತ್ತಿದ. ಕಾಲೇಜು ಶುರುವಾಗಿ ನಾನೂ ಬಂಗಾರಪೇಟೆಗೆ ಹೊರಟೆ. ಅಮ್ಮನ ಕೈ ಮರೆಯಿತೋ ಇಲ್ಲವೋ, ರಜೆಗೆ ಬಂದಾಗಲೂ ನಾನು ಕೇಳಲಿಲ್ಲ, ಅವಳು ಸ್ವಿಚ್ ಒತ್ತುವಾಗ ಅತ್ತ ನೋಡಲೂ ಇಲ್ಲ. ಕೇಳಲು ಧೈರ್ಯವಿರಲಿಲ್ಲ ಎಂದರೂ ಸರಿಯೇ.

ಭಾನುವಾರ ಮನೆಗೆ ಹೋಗಿ ಟೆಸ್ಟರ್ ಹುಡುಕುತ್ತಾ ಬಚ್ಚಲ ಬಳಿ ನಿಂತಿದ್ದೆ. ಅಮ್ಮ ಕೊಟ್ಟಿಗೆಯಿಂದ ಬಂದಳು. ಎರಡೂ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಭುಜದ ಮೇಲಿಂದ ನೇರವಾಗಿ ಸ್ವಿಚ್ಚಿಗೇ ಬೆರಳು ಚಾಚಿದಳು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ.

"ಕೈ ಒರೆಸ್ಕೊಂಡು ಮುಟ್ಟಮ್ಮ."

"ಯಾಕೆ?"

"ಮುಂಚೆ ಶಾಕ್ ಹೊಡೀತಿರಲಿಲ್ವಾ?"

ಅಮ್ಮ "ಶಾಕಾ? ನಂಗಾ? ಯಾವಾಗ?" ಅಂದಳು. ಆಮೇಲೆ, "ಅಡ್ಡ ನಿಂತ್ಕೋಬ್ಯಾಡ, ಆಲಿನ ಡೈರಿಗೆ ಓಗಕ್ಕೆ ಒತ್ತಾಯ್ತು" ಎಂದು ನನ್ನ ದುಪಟ್ಟಕ್ಕೇ ಎರಡೂ ಕೈ ಒರೆಸಿ, ಹೆಬ್ಬೆರಳಿನಿಂದ ಸ್ವಿಚ್ ಒತ್ತಿ, ಒಳಗೆ ಹೋಗಿ ಚಿಲಕ ಹಾಕಿಕೊಂಡಳು.